ಗೋಣಿಚೀಲ, ಮರಳು, ದಪ್ಪ ಬಣ್ಣದ ಅಮೂರ್ತ ಚಿತ್ರ ಮನೆಗೆ ಬಂದಿದೆ. ಹೇಗೆ ನೋಡೋದು, ಹೇಗೆ ಕಾಪಾಡೋದು?

ಬಂಗಾರಪೇಟೆ ಮುದ್ದೆ

ಎಲ್ಲರಿಗೂ ನಮಸ್ಕಾರ. ಚಿತ್ರಕಲೆ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ನಮ್ಮಣ್ಣ ಹೊಸ ಮನೆಗೆ ಅಂತ ಒಂದು ಚಿತ್ರ ಕೊಂಡು ತಂದಿದ್ದಾನೆ. ಬರೆದವರು ಕೆಜಿಎಫ್‌ನವರು. ಅವರನ್ನು ಕೇಳದೆ ಹೆಸರು ಹಾಕುವುದು ಬೇಡ ಅಂತ ಬಿಟ್ಟಿದ್ದೇನೆ. ನಾಲ್ಕಡಿ ಅಗಲ, ಮೂರಡಿ ಎತ್ತರ. ಬಹುಪಾಲು ಬೂದಿ ಬಣ್ಣ, ಅಲ್ಲಲ್ಲಿ ಮಾಸಲು ಹಳದಿ. ಮೇಲಿಂದ ಕೆಳಗೆ ಸೀಳು ಸೀಳಾಗಿ ಇಳಿದ ಗೆರೆಗಳು, ಕೆಲವಂತೂ ಕಿರುಬೆರಳು ಕೂರುವಷ್ಟು ಆಳ. ಬಲಗಡೆ ಕೆಳಮೂಲೆಯಲ್ಲಿ ಒಂದು ಗೋಣಿಚೀಲದ ತುಂಡು ಅಂಟಿಸಿದ್ದಾರೆ, ಅದರ ನೂಲಿನ ಸಂದಿಗಳಲ್ಲಿ ಬಣ್ಣ ಇಳಿದು ಗಟ್ಟಿಯಾಗಿದೆ. ಎಡಗಡೆ, ಮಧ್ಯಕ್ಕಿಂತ ಸ್ವಲ್ಪ ಮೇಲೆ, ಅಂಗೈಯಗಲ ತುಕ್ಕಿನ ಕೆಂಪು. ಅಷ್ಟೇ. ಮನುಷ್ಯ, ಮರ, ಮನೆ ಏನೂ ಇಲ್ಲ. ಚಿತ್ರದ ಹಿಂದೆ "ಶೀರ್ಷಿಕೆ ಇಲ್ಲ" ಅಂತ ಬರೆದು ಸಹಿ ಹಾಕಿದ್ದಾರೆ.

ಅಪ್ಪ ದಿನಾ ಬೆಳಿಗ್ಗೆ ಪೇಪರ್ ಓದಿ ಮುಗಿಸಿ ಅದರ ಮುಂದೆ ಬಂದು ನಿಲ್ಲುತ್ತಾರೆ. "ಇದ್ರಲ್ಲಿ ಏನಿದೆ ಅಂತ ಯಾರಾದ್ರೂ ತೋರಿಸ್ರಪ್ಪ" ಅನ್ನುತ್ತಾರೆ. ಬೈಯುವುದಿಲ್ಲ, ನಿಜವಾಗಲೂ ತಿಳಿಯಬೇಕು ಅಂತಲೇ ಕೇಳುತ್ತಾರೆ. ಅಣ್ಣನಿಗೆ ಹೇಳಲು ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ಚಿತ್ರ ನನಗೆ ತುಂಬಾ ಹಿಡಿಸಿದೆ. ಹಾಲ್ ದಾಟುವಾಗೆಲ್ಲ ಕಣ್ಣು ಅಲ್ಲೇ ಹೋಗುತ್ತದೆ. ಯಾಕೆ ಹಿಡಿಸಿತು ಅಂತ ಅಪ್ಪನಿಗೆ ಹೇಳುವಂತಾಗಬೇಕು.

ಇನ್ನೊಂದು ವಿಷಯ, ಬೆಲೆ 35 ಸಾವಿರ. ಇದು ನ್ಯಾಯವಾದ ಬೆಲೆಯೇ? ಮತ್ತೆ ಮೇಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಕಾಣುತ್ತದೆ. ಮೊದಲೇ ಇತ್ತೋ, ಟೆಂಪೋದಲ್ಲಿ ತರುವಾಗ ಬಿಟ್ಟಿತೋ ಗೊತ್ತಾಗುತ್ತಿಲ್ಲ. ಧೂಳು ಹೇಗೆ ತೆಗೆಯಬೇಕು? ನಮ್ಮ ಮನೆ ರಸ್ತೆ ಪಕ್ಕವೇ ಇದೆ, ಧೂಳು ಜಾಸ್ತಿ. ಸದ್ಯಕ್ಕೆ ಚಿತ್ರವನ್ನು ನೇತುಹಾಕಿಲ್ಲ, ದಿವಾನದ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದೇವೆ.

ಚಿಂತಾಮಣಿ ಡ್ರಾಯಿಂಗ್ ಮೇಷ್ಟ್ರು

ನಿಮ್ಮ ತಂದೆಯವರು ಕೇಳುತ್ತಿರುವುದು ಬಹಳ ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೊದಲು ಒಂದು ಕೆಲಸ ಮಾಡಿ.

ರಾತ್ರಿ ಹಾಲ್‌ನ ಲೈಟೆಲ್ಲ ಆರಿಸಿ. ಮೊಬೈಲ್ ಟಾರ್ಚ್ ಹಾಕಿ, ಚಿತ್ರದ ಎಡ ಅಂಚಿನ ಪಕ್ಕದಲ್ಲಿ ಹಿಡಿದು, ಬೆಳಕು ಚಿತ್ರದ ಮೈ ಸವರಿಕೊಂಡು ಹೋಗುವಂತೆ ಓರೆಯಾಗಿ ಬಿಡಿ. ಆಮೇಲೆ ಬಲಗಡೆಯಿಂದ, ಆಮೇಲೆ ಮೇಲಿಂದ. ಟ್ಯೂಬ್‌ಲೈಟ್ ನೇರ ಎದುರಿನಿಂದ ಬಿದ್ದರೆ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಓರೆ ಬೆಳಕಿನಲ್ಲಿ ಪ್ರತಿ ಉಬ್ಬಿಗೂ ಅದರದೇ ನೆರಳು ಹುಟ್ಟುತ್ತದೆ. ಮ್ಯೂಸಿಯಂಗಳಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವರೂ ಹೀಗೆ ಬೆಳಕು ಬಿಟ್ಟು ನೋಡುತ್ತಾರೆ. ಬಣ್ಣ ಎಲ್ಲಿ ಎದ್ದಿದೆ, ಎಲ್ಲಿ ಯಾರು ತಿದ್ದಿದ್ದಾರೆ ಅನ್ನುವುದೆಲ್ಲ ಆಗ ಸಿಕ್ಕಿಬೀಳುತ್ತದೆ.

ನೋಡುವಾಗ "ಇದು ಏನು" ಅನ್ನುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. "ಇಲ್ಲಿ ಏನು ಮಾಡಿದ್ದಾರೆ" ಅಂತ ಕೇಳಿಕೊಳ್ಳಿ. ಒಂದೇ ಒಂದು ಸೀಳನ್ನು ಹಿಡಿಯಿರಿ. ಅದರ ಎರಡೂ ದಡದಲ್ಲಿ ಬಣ್ಣ ಮೆತ್ತಗೆ ಎದ್ದು ನಿಂತಿದ್ದರೆ ಹಸಿ ಇರುವಾಗಲೇ ಎಳೆದದ್ದು. ದಡ ಚೂಪಾಗಿ, ಚಕ್ಕೆ ಚಕ್ಕೆಯಾಗಿ ಒಡೆದಿದ್ದರೆ ಒಣಗಿದ ಮೇಲೆ ಕೆರೆದದ್ದು. ಸೀಳಿನ ತಳದಲ್ಲಿ ಬೇರೆ ಬಣ್ಣ ಕಂಡರೆ ಅದು ಕೆಳಗಿನ ಪದರ. ಅಂದರೆ ಈ ಬೂದಿ ಬರುವ ಮುಂಚೆ ಅಲ್ಲಿ ಇನ್ನೊಂದು ಚಿತ್ರವೇ ಇತ್ತು, ಅದನ್ನು ಮುಚ್ಚಿ ಮುಂದೆ ಹೋಗಿದ್ದಾರೆ. ಆ ತುಕ್ಕಿನ ಕೆಂಪು ಇದೆಯಲ್ಲ, ಅದನ್ನು ಬೂದಿಯ ಮೇಲೆ ಹಚ್ಚಿದ್ದಾರೋ, ಇಲ್ಲ ಬೂದಿಯನ್ನು ಕೆರೆದು ಕೆಳಗಿನಿಂದ ಹೊರಗೆ ತೆಗೆದಿದ್ದಾರೋ ಚೆನ್ನಾಗಿ ನೋಡಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಸಗಣಿ ಸಾರಿಸಿದ ಅಂಗಳ ನೋಡಿ, ಸಾರಿಸಿದವರು ಎಲ್ಲಿ ಕೂತಿದ್ದರು, ಕೈ ಯಾವ ಕಡೆ ಬೀಸಿತು, ಎಲ್ಲಿಂದ ಹಿಂದೆ ಸರಿದರು ಅಂತ ಹೇಳಬಲ್ಲ ಹಿರಿಯರು ನಮ್ಮ ಕಡೆ ಈಗಲೂ ಇದ್ದಾರೆ. ಅದೇ ಕಣ್ಣು ಇಲ್ಲಿಗೂ ಸಾಕು. ಅಪ್ಪನಿಗೆ ಅದು ಖಂಡಿತ ಇರುತ್ತದೆ.

ಚಿತ್ರದಲ್ಲಿ ಉಬ್ಬು ಕೆಲಸ ಅಂದರೆ ಪರದೇಶದ್ದು ಅಂತ ತಳ್ಳಿಹಾಕುವವರು ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರದಲ್ಲಿ ದೇವರ ಕಿರೀಟ, ಒಡವೆ, ಮಂಟಪದ ಕಂಬ ಇರುವ ಕಡೆ ಗೆಸ್ಸೊ ಅನ್ನುವ ಗಟ್ಟಿ ಲೇಪ ಹಚ್ಚಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಮೈಸೂರಿನದು ತೆಳು ಉಬ್ಬು, ತಂಜಾವೂರಿನದು ದಪ್ಪ. ದೀಪದ ಬೆಳಕಿನಲ್ಲಿ ಅದು ಮಿನುಗುವುದನ್ನು ನೋಡಿದವರಿಗೆ ಉಬ್ಬು ಯಾಕೆ ಬೇಕಿತ್ತು ಅಂತ ಬೇರೆ ಹೇಳಬೇಕಿಲ್ಲ. ಅಲ್ಲಿ ಉಬ್ಬು ಒಡವೆಗೋಸ್ಕರ ಬಂತು. ನಿಮ್ಮ ಚಿತ್ರದಲ್ಲಿ ಉಬ್ಬೇ ಯಜಮಾನ.

ಇಂಥ ಕೆಲಸದಲ್ಲಿ ನಮ್ಮ ದೇಶದ ದೊಡ್ಡ ಹೆಸರು ವಿ. ಎಸ್. ಗಾಯ್ತೊಂಡೆ. 1924ರಲ್ಲಿ ನಾಗಪುರದಲ್ಲಿ ಹುಟ್ಟಿದವರು, ಮುಂಬೈನ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಆಮೇಲೆ ದೆಹಲಿಯಲ್ಲಿ ನೆಲೆಸಿ, 2001ರಲ್ಲಿ ತೀರಿಕೊಂಡರು. ರೋಲರ್ ಮತ್ತು ಪ್ಯಾಲೆಟ್ ನೈಫ್ (ಬಣ್ಣ ಕಲೆಸುವ ಚಪ್ಪಟೆ ಚಾಕು) ಹಿಡಿದು ಬಣ್ಣ ಹಚ್ಚುವುದು, ಎಳೆಯುವುದು, ಕೆರೆಯುವುದು, ಹರಿದ ಕಾಗದ ಒತ್ತಿ ಬಣ್ಣ ಎತ್ತುವುದು, ಮತ್ತೆ ಹಚ್ಚುವುದು. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ ಮಾತ್ರ. ಬಹುತೇಕ ಚಿತ್ರಗಳಿಗೆ ಹೆಸರೇ ಇಟ್ಟಿಲ್ಲ. 2014ರಲ್ಲಿ ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಒಬ್ಬರದೇ ದೊಡ್ಡ ಪ್ರದರ್ಶನ ಮಾಡಿತು. ಅವರ ಪದರಗಳು ತೆಳು, ಒಳಗಿನಿಂದ ಬೆಳಕು ಬಂದಂತೆ ಇರುತ್ತವೆ. ನಿಮ್ಮದು ದಪ್ಪ, ಒರಟು. ಆದರೆ ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು, ಆ ದಾರಿ ಒಂದೇ.

ಬೆಂಗಳೂರಿಗೆ ಹೋದಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ಗೆ ಅಪ್ಪನನ್ನು ಕರೆದುಕೊಂಡು ಹೋಗಿ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ 2009ರಿಂದ ಅಲ್ಲಿದೆ. ಸೋಮವಾರ ರಜೆ. ಇಂಥ ಚಿತ್ರ ಫೋನ್‌ನಲ್ಲಿ ನೋಡಿದರೆ ಅರ್ಧವೂ ಸಿಗುವುದಿಲ್ಲ, ಎದುರು ನಿಂತು ಒಂದು ಹೆಜ್ಜೆ ಆಚೆ ಈಚೆ ಆಗಬೇಕು.

ತುಮಕೂರು ಪೇಂಟ್ ಕಂಟ್ರಾಕ್ಟರ್

ಮೇಷ್ಟ್ರು ಚಿತ್ರದ ಕಡೆಯಿಂದ ಹೇಳಿದರು, ನಾನು ಗೋಡೆ ಕಡೆಯಿಂದ ಹೇಳುತ್ತೇನೆ. ಮನೆಗಳಿಗೆ ಪೇಂಟಿಂಗ್ ಕೆಲಸ ಮಾಡಿಸುವುದು ನನ್ನ ಕಸುಬು. ಈಗ ಎಲ್ಲರಿಗೂ ಟಿವಿ ಹಿಂದಿನ ಗೋಡೆಗೆ ಟೆಕ್ಸ್ಚರ್, ಅಂದರೆ ಉಬ್ಬು ತಗ್ಗಿನ ಬಣ್ಣ ಬೇಕು. ಆ ಕೆಲಸದಲ್ಲಿ ನಮ್ಮ ಗಮನವೆಲ್ಲ ಒಂದೇ ಕಡೆ ಇರುತ್ತದೆ: ಗೋಡೆ ತುಂಬಾ ಒಂದೇ ಸಮ ಬರಬೇಕು. ರೋಲರ್ ಒತ್ತಡ ಒಂದು ಕಡೆ ಹೆಚ್ಚು ಕಮ್ಮಿ ಆದರೆ ಮಾಲೀಕರು ಮತ್ತೆ ಮಾಡಿ ಅನ್ನುತ್ತಾರೆ. ನಿಮ್ಮ ಚಿತ್ರದಲ್ಲಿ ನೀವು ಹೇಳಿದ ಪ್ರಕಾರ ಒಂದೊಂದು ಗೇಣೂ ಬೇರೆ ಥರ ಇದೆ, ಆದರೂ ಎಲ್ಲ ಸೇರಿ ಒಂದಾಗಿ ನಿಂತಿದೆ. ಅದು ಎಷ್ಟು ಕಷ್ಟ ಅಂತ ಕೈಯಲ್ಲಿ ಪುಟ್ಟಿ ಬಳಿಯುವ ಪಟ್ಟಿ ಹಿಡಿದವರಿಗೆ ಗೊತ್ತು. "ಇದನ್ನ ಯಾರು ಬೇಕಾದ್ರೂ ಮಾಡಬಹುದು" ಅನ್ನುವವರಿಗೆ ಒಂದು ಹಲಗೆ, ಸ್ವಲ್ಪ ಪೇಸ್ಟ್ ಕೊಟ್ಟು ಕೂರಿಸಬೇಕು. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ತಿಳಿಯುವುದಿಲ್ಲ.

ಬಿರುಕಿನ ವಿಷಯ. ಅದು ಬಟ್ಟೆಯ ಕ್ಯಾನ್ವಾಸ್ ಮೇಲೆ ಇದೆಯೋ, ಪ್ಲೈವುಡ್ ಮೇಲೆ ಇದೆಯೋ ಮೊದಲು ನೋಡಿ. ಕೆಲವರು ಖರ್ಚು ಉಳಿಸಲು ಗೋಡೆಗೆ ಹಚ್ಚುವ ವೈಟ್ ಸಿಮೆಂಟ್ ಪುಟ್ಟಿಯನ್ನೇ ಕ್ಯಾನ್ವಾಸ್‌ಗೆ ಬಳಿಯುತ್ತಾರೆ. ಪುಟ್ಟಿ ಗೋಡೆಗೆ ಸರಿ, ಗೋಡೆ ಅಲುಗಾಡುವುದಿಲ್ಲ. ಬಟ್ಟೆ ಹಾಗಲ್ಲ, ಬಿಸಿಲು ಮಳೆಗೆ ಸಡಿಲ ಆಗುತ್ತದೆ, ಬಿಗಿ ಆಗುತ್ತದೆ. ಪುಟ್ಟಿಗೆ ಬಾಗಲು ಬರುವುದಿಲ್ಲ, ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಸಿಮೆಂಟಿನ ಸುಣ್ಣದ ಗುಣಕ್ಕೆ ಕೆಲವು ಬಣ್ಣ ಮಂಕಾಗುತ್ತವೆ, ಅದು ಬೇರೆ.

ಬಣ್ಣದಕ್ಕ, ಕೋಲಾರ

ತುಮಕೂರಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಇದೇ ಥರದ ಕೆಲಸ ಮಾಡುತ್ತೇನೆ, ಹಾಗಾಗಿ ಒಂದಷ್ಟು ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಉಬ್ಬಿಗೆ ನಾವು ಬಳಸುವುದು ಮಾಡೆಲಿಂಗ್ ಪೇಸ್ಟ್. ಅದರಲ್ಲಿ ಇರುವುದು ಅಮೃತಶಿಲೆ ಪುಡಿ ಅಥವಾ ಸೀಮೆಸುಣ್ಣದಂಥ ಬಿಳಿ ಪುಡಿ, ಜೊತೆಗೆ ಅಕ್ರಿಲಿಕ್ ಅಂಟು. ಅಂಟು ಇರುವುದರಿಂದ ಒಣಗಿದ ಮೇಲೂ ಸ್ವಲ್ಪ ಬಾಗುತ್ತದೆ. ಒರಟು ಬೇಕಾದ ಕಡೆ ಜರಡಿ ಹಿಡಿದ ಮರಳು ಸೇರಿಸುತ್ತೇವೆ. ಮರಳನ್ನು ಮೊದಲು ಚೆನ್ನಾಗಿ ತೊಳೆದು ಒಣಗಿಸಬೇಕು, ಮಣ್ಣು ಉಪ್ಪು ಉಳಿದರೆ ಆಮೇಲೆ ಉದುರುತ್ತದೆ. ಒಂದೇ ಸಲಕ್ಕೆ ದಪ್ಪ ಬಳಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿ ಉಳಿದು ಆಮೇಲೆ ಕುಗ್ಗುತ್ತದೆ, ಆಗ ಬಿರುಕು. ಅದಕ್ಕೇ ತೆಳ್ಳಗೆ ಬಳಿದು, ಪೂರ್ತಿ ಒಣಗಲು ಬಿಟ್ಟು, ಮತ್ತೆ ಬಳಿಯಬೇಕು. ಕಿರುಬೆರಳು ಕೂರುವ ಆಳ ಅಂದರೆ ಎಷ್ಟೋ ಪದರ ಬಿದ್ದಿದೆ ಅಂತ ಲೆಕ್ಕ. ಮಳೆಗಾಲದಲ್ಲಿ ಒಂದು ಪದರ ಒಣಗುವುದೇ ದೊಡ್ಡ ಕಾಯುವ ಕೆಲಸ.

ಬೆಲೆ ಕೇಳಿದ್ದೀರಿ. ನಮ್ಮಲ್ಲಿ ಬಹಳ ಜನ ಚದರ ಇಂಚಿನ ಲೆಕ್ಕದಲ್ಲಿ ಬೆಲೆ ಹಾಕುತ್ತಾರೆ. ನಾಲ್ಕಡಿ ಮೂರಡಿ ಅಂದರೆ 1,728 ಚದರ ಇಂಚು. 35 ಸಾವಿರ ಅಂದರೆ ಇಂಚಿಗೆ ಇಪ್ಪತ್ತು ರೂಪಾಯಿ ಆಸುಪಾಸು. ಈಗ ಸಾಮಾನಿನ ಕಡೆ ನೋಡಿ. ಮೂರು ಮಿಲಿಮೀಟರ್ ದಪ್ಪ ಬಳಿದರೆ ಒಂದು ಕಿಲೋ ಪೇಸ್ಟ್ ಎರಡು ಚದರಡಿ ದಾಟುವುದು ಕಷ್ಟ. ನಿಮ್ಮದು ಹನ್ನೆರಡು ಚದರಡಿ, ಒಂದು ಸುತ್ತಿಗೇ ಐದಾರು ಕಿಲೋ ಬೇಕು. ಅದರ ಮೇಲೆ ಬಣ್ಣ, ಹಲಗೆ, ಫ್ರೇಮ್, ವಾರ್ನಿಷ್. ಇದೆಲ್ಲ ಕಳೆದು ಕಲಾವಿದರ ಕೈಗೆ ಉಳಿಯುವುದು ನೋಡಿದರೆ ನಿಮ್ಮ ಅಣ್ಣ ಕೊಟ್ಟದ್ದು ನ್ಯಾಯವಾದ ಬೆಲೆ, ಸ್ವಲ್ಪ ಕಡಿಮೆಯೇ ಅಂತ ನನ್ನ ಅನಿಸಿಕೆ. ಗಾಯ್ತೊಂಡೆಯವರ 1961ರ ಒಂದು ಚಿತ್ರ 2021ರಲ್ಲಿ ಹರಾಜಿನಲ್ಲಿ ಸುಮಾರು 40 ಕೋಟಿಗೆ ಹೋಯಿತು. ಆ ದುಡ್ಡು ಅವರು ನೋಡಲಿಲ್ಲ. ಬದುಕಿರುವ, ನಮ್ಮ ಜಿಲ್ಲೆಯಲ್ಲೇ ಕೂತು ಕೆಲಸ ಮಾಡುವ ಒಬ್ಬರಿಗೆ ನಿಮ್ಮ ಅಣ್ಣ ನೇರವಾಗಿ ದುಡ್ಡು ಕೊಟ್ಟಿದ್ದಾರಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ.

ಬಿರುಕನ್ನು ನೋಡಿ ಹೆದರಬೇಡಿ. ಅದು ಅಲ್ಲೇ ನಿಂತಿದೆಯೋ, ಬೆಳೆಯುತ್ತಿದೆಯೋ ಅನ್ನುವುದು ಮುಖ್ಯ. ಇವತ್ತು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ತಿಂಗಳು ಬಿಟ್ಟು ಹಾಗೇ ಇನ್ನೊಂದು ತೆಗೆಯಿರಿ. ಬೆಳೆದಿದ್ದರೆ ಕಲಾವಿದರಿಗೇ ತೋರಿಸಿ, ನೀವಾಗಿ ಫೆವಿಕಾಲ್ ತುಂಬಲು ಹೋಗಬೇಡಿ. ಬಿರುಕನ್ನೇ ಬೇಕು ಅಂತ ತರಿಸಿದವರೂ ಇದ್ದಾರೆ. ಇಟಲಿಯ ಆಲ್ಬರ್ಟೊ ಬುರಿ ಮೊದಲು ಡಾಕ್ಟರ್ ಆಗಿದ್ದವರು. ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕಿ ಅಮೆರಿಕದ ಟೆಕ್ಸಾಸ್‌ನ ಶಿಬಿರದಲ್ಲಿ ಇದ್ದಾಗ ಚಿತ್ರ ಬರೆಯಲು ಶುರುಮಾಡಿದರು. ಬಿಡುಗಡೆ ಆಗಿ ಬಂದ ಮೇಲೆ ಡಾಕ್ಟರ್ ಕೆಲಸಕ್ಕೆ ವಾಪಸ್ ಹೋಗಲೇ ಇಲ್ಲ. ಗೋಣಿಚೀಲಗಳನ್ನು ಹೊಲಿದು, ತೇಪೆ ಹಾಕಿ ಚಿತ್ರ ಕಟ್ಟಿದರು. ನಿಮ್ಮ ಚಿತ್ರದ ಮೂಲೆಯ ಗೋಣಿ ನೋಡಿ ನನಗೆ ಮೊದಲು ನೆನಪಾದದ್ದು ಅವರೇ. 1970ರ ದಶಕದಲ್ಲಿ ದಪ್ಪವಾಗಿ ಬಳಿದು, ಒಣಗುವಾಗ ತಾನಾಗಿ ಬಿರಿಯಲು ಬಿಟ್ಟು, ಬೇಕಾದ ಹಂತದಲ್ಲಿ ಅಂಟು ಹೊಯ್ದು ಬಿರುಕನ್ನು ನಿಲ್ಲಿಸಿದ ಚಿತ್ರಗಳ ಒಂದು ಸಾಲೇ ಮಾಡಿದರು. ಇಟಲಿಯ ಸಿಸಿಲಿ ದ್ವೀಪದ ಜಿಬೆಲ್ಲಿನ ಅನ್ನುವ ಊರು 1968ರ ಭೂಕಂಪದಲ್ಲಿ ನೆಲಸಮ ಆಯಿತು. ಆ ಅವಶೇಷಗಳ ಮೇಲೆ ಬಿಳಿ ಸಿಮೆಂಟ್ ಹೊಯ್ಯಿಸಿ, ಹಳೆಯ ಬೀದಿಗಳ ಜಾಗದಲ್ಲಿ ಬಿರುಕಿನಂಥ ದಾರಿ ಬಿಟ್ಟು, ಇಡೀ ಊರನ್ನೇ ಅಂಥ ಒಂದು ಕೃತಿ ಮಾಡಿದರು. ಜನ ಆ ಬಿರುಕುಗಳ ಒಳಗೆ ನಡೆದು ಹೋಗುತ್ತಾರೆ.

ಧೂಳಿಗೆ ಒದ್ದೆ ಬಟ್ಟೆ ಬೇಡವೇ ಬೇಡ. ಮೆತ್ತನೆಯ ಒಣ ಬ್ರಷ್, ಮೇಲಿಂದ ಕೆಳಗೆ, ಸೀಳಿನ ಉದ್ದಕ್ಕೆ. ಗೋಣಿಯ ಮೇಲೆ ಇನ್ನೂ ಹಗುರ ಕೈ, ನೂಲು ಸಿಕ್ಕಿ ಏಳಬಾರದು. ಗೋಣಿಗೆ ಹುಳ ಹತ್ತುತ್ತದೆ, ಆಗಾಗ ಹಿಂದಿನಿಂದ ಒಮ್ಮೆ ನೋಡುತ್ತಿರಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ, ಮೆತ್ತಗಾದರೆ ಧೂಳು ಅಂಟಿಕೊಂಡು ಬಿಡುತ್ತದೆ. ಅದಕ್ಕೆ ನೇರ ಬಿಸಿಲು ಬೀಳುವ ಗೋಡೆ ಬೇಡ. ಅಡುಗೆಮನೆ ಒಗ್ಗರಣೆ ಹೊಗೆ, ಊದುಬತ್ತಿ ಹೊಗೆ ಎರಡರಿಂದಲೂ ದೂರ ಇಡಿ. ಮುಂದೆ ಎಲ್ಲಿಗಾದರೂ ಸಾಗಿಸುವುದಾದರೆ ಬಬಲ್ ರ‍್ಯಾಪ್ ನೇರವಾಗಿ ಮುಖಕ್ಕೆ ತಾಗದಿರಲಿ, ಗುಳ್ಳೆಯ ಗುರುತು ಬಣ್ಣದ ಮೇಲೆ ಉಳಿದುಬಿಡುತ್ತದೆ.

ಮಾರಿಕುಪ್ಪಂ ಲೈನ್ಸ್

ಬೂದಿ, ಮಾಸಲು ಹಳದಿ, ಮೇಲಿಂದ ಕೆಳಗೆ ಸೀಳು. ಓದುತ್ತಿದ್ದಂತೆ ನನಗೆ ಗೊತ್ತಾಯಿತು, ಅದು ನಮ್ಮ ಸಯನೈಡ್ ಗುಡ್ಡ. ಹೊರಗಿನವರಿಗೆ ಅದು ಸಿನಿಮಾ ಶೂಟಿಂಗ್ ಜಾಗ. ನಮಗೆ ಮನೆ ಬಾಗಿಲು ತೆಗೆದರೆ ಕಾಣುವುದೇ ಅದು.

ಆ ಗುಡ್ಡ ಹುಟ್ಟಿದ್ದು ಹೇಗೆ ಅಂತ ತಿಳಿದರೆ ಚಿತ್ರ ಇನ್ನೊಂದು ಥರ ಕಾಣುತ್ತದೆ. ನೆಲದೊಳಗಿಂದ ತಂದ ಬಂಡೆಯನ್ನು ಗಿರಣಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತಿದ್ದರು. ಆ ಹಿಟ್ಟನ್ನು ಸಯನೈಡ್ ನೀರಿಗೆ ಹಾಕಿದರೆ ಚಿನ್ನ ಕರಗಿ ನೀರಿಗೆ ಇಳಿಯುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟನ್ನು ತಂದು ಸುರಿದರು. ನೂರು ವರ್ಷಕ್ಕೂ ಜಾಸ್ತಿ ಸುರಿದರು. ಎಲ್ಲ ಗುಡ್ಡ ಸೇರಿ ಮೂರು ಕೋಟಿ ಟನ್ ದಾಟುತ್ತದೆ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಇಳಿದವರು, ಆ ಗಣಿ ಮೂರು ಕಿಲೋಮೀಟರ್‌ಗೂ ಆಳ. ಮೇಲೆ ಕಾಣುವ ಗುಡ್ಡದಲ್ಲಿ ಇರುವುದೆಲ್ಲ ಕೆಳಗಿನ ಆ ಕತ್ತಲೆಯ ಕಲ್ಲು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಗುಡ್ಡ ಉಳಿಯಿತು. ಮಳೆ ಬಂದಾಗೆಲ್ಲ ನೀರು ಅದನ್ನು ಸೀಳುತ್ತದೆ. ಗಾಳಿ ಕಾಲದಲ್ಲಿ ಅದರ ಪುಡಿ ಮನೆಯೊಳಗೆ, ಅನ್ನದ ತಟ್ಟೆಗೆ ಬರುತ್ತದೆ. ಆ ಕಲಾವಿದರು ಅದನ್ನು ನೋಡುತ್ತಲೇ ಬೆಳೆದಿದ್ದಾರೆ, ಕೈಯಲ್ಲಿ ಬೇರೆ ಏನು ಬಂದೀತು? ಅಪ್ಪನಿಗೆ ಹೇಳಿ, ಇದರಲ್ಲಿ ಇರುವುದು ಕೆಜಿಎಫ್.

ನಂದಿ ತಪ್ಪಲು

ಮಾರಿಕುಪ್ಪಂನವರ ಮಾತು ಮನಸ್ಸಿಗೆ ತಟ್ಟಿತು. ಆದರೂ ಒಂದು ಭಿನ್ನಾಭಿಪ್ರಾಯ ಹೇಳಲೇಬೇಕು.

"ಇದು ಸಯನೈಡ್ ಗುಡ್ಡ" ಅಂದ ತಕ್ಷಣ ನಾವು ಚಿತ್ರ ನೋಡುವುದನ್ನು ನಿಲ್ಲಿಸಿಬಿಡುತ್ತೇವೆ. ಉತ್ತರ ಸಿಕ್ಕಿತು, ಮುಗಿಯಿತು. ಗುಡ್ಡವೇ ಬೇಕಿದ್ದರೆ ಒಳ್ಳೆಯ ಫೋಟೋ ಸಾಕಿತ್ತು ಅಲ್ವಾ? ಗುಡ್ಡದ ಮೇಲೆ ಗೋಣಿಚೀಲ ಇಲ್ಲ. ಆ ಕೆಂಪು ಯಾಕೆ ಅಲ್ಲೇ ಬಂತು, ಎಡಗಡೆ ಯಾಕೆ, ಅಂಗೈಯಗಲ ಯಾಕೆ, ಅದನ್ನು ಗುಡ್ಡ ಹೇಳುವುದಿಲ್ಲ. ಕಲಾವಿದರು ಹೆಸರು ಇಡದೆ ಬಿಟ್ಟಿದ್ದಾರೆ. ಇಡಲು ಬಾರದೆ ಬಿಟ್ಟದ್ದಲ್ಲ, ಬೇಡ ಅಂತ ಬಿಟ್ಟಿದ್ದಾರೆ. ನಾವು ಅವರ ಪರವಾಗಿ ಹೆಸರಿಡುವುದು ಸರಿಯೇ? ನಾನು ಚಿಕ್ಕಬಳ್ಳಾಪುರದವನು, ನನಗೆ ಆ ವಿವರಣೆ ಓದಿ ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ ಕಣ್ಣಿಗೆ ಬಂತು. ನನ್ನದೂ ಸರಿ, ಅವರದೂ ಸರಿ ಅಂದರೆ ಚಿತ್ರ ಇವೆರಡಕ್ಕಿಂತ ದೊಡ್ಡದು ಅಂತಲೇ ಅರ್ಥ. ಸ್ಪೇನ್‌ನ ಆಂಟೊನಿ ತಾಪಿಯೆಸ್ ಅನ್ನುವವರು ಅಮೃತಶಿಲೆ ಪುಡಿ, ಮರಳು ಕಲೆಸಿ ಗೋಡೆಯಂಥ ಚಿತ್ರಗಳನ್ನು ಮಾಡಿದರು, ಗೀಚಿ ಕೆರೆದರು. ಬಾರ್ಸಿಲೋನಾದ ಗೋಡೆಗಳ ಮೇಲೆ ಉಳಿದ ಅಂತರ್ಯುದ್ಧದ ಗುರುತುಗಳನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದರು ನಿಜ. ಆದರೆ ಆ ಊರು ನೋಡದವರೂ ಆ ಚಿತ್ರದ ಮುಂದೆ ನಿಲ್ಲುತ್ತಾರಲ್ಲ, ಅವರನ್ನು ನಿಲ್ಲಿಸುವುದು ಆ ಗೀಚು, ಆ ದಪ್ಪ, ಆ ಒರಟು.

ಮಾರಿಕುಪ್ಪಂ ಲೈನ್ಸ್

ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ. ಚಿತ್ರ ಗುಡ್ಡಕ್ಕಿಂತ ದೊಡ್ಡದಿರಬಹುದು. ಆದರೆ ಗುಡ್ಡ ಬಿಟ್ಟು ಮಾತಾಡಿದರೆ ನಮ್ಮೂರು ಬರೀ ಬಣ್ಣದ ಅಂದ ಆಗಿಬಿಡುತ್ತದೆ. ಹಾಲ್‌ನ ಸೋಫಾಗೆ ಮ್ಯಾಚ್ ಆಗುವ ಬೂದಿ ಬಣ್ಣ ಅಂತ ಯಾರೋ ಕೊಂಡುಕೊಳ್ಳುತ್ತಾರೆ. ಅದು ನನಗೆ ನೋವು.

ಬಣ್ಣದಕ್ಕ, ಕೋಲಾರ

ಇಬ್ಬರದೂ ಓದಿದೆ. ಗುಡ್ಡ ಕೈಗೆ ಬಂದಿದೆ, ಕೈ ಚಿತ್ರಕ್ಕೆ ಬಂದಿದೆ. ಚಿತ್ರ ಮಾಡುವಾಗ ನಮ್ಮ ತಲೆಯಲ್ಲಿ "ಈಗ ಗುಡ್ಡ ಮಾಡುತ್ತಿದ್ದೇನೆ" ಅಂತ ಇರುವುದಿಲ್ಲ. ಈ ಅಂಚು ಜಾಸ್ತಿ ನುಣುಪಾಯಿತು, ಒಡೆಯಬೇಕು ಅಂತ ಇರುತ್ತದೆ. ಅಮೆರಿಕದ ಜೇ ಡಿಫಿಯೊ ಅನ್ನುವ ಕಲಾವಿದೆ 1958ರಿಂದ 1966ರವರೆಗೆ ಹೆಚ್ಚುಕಡಿಮೆ ಒಂದೇ ಚಿತ್ರ ಹಿಡಿದು ಕೂತರು. "ದಿ ರೋಸ್" ಅಂತ ಹೆಸರು. ಹಚ್ಚಿ, ಕೆತ್ತಿ, ಮತ್ತೆ ಹಚ್ಚಿ, ಕೊನೆಗೆ ಸುಮಾರು ಒಂದು ಟನ್ ತೂಕ, ಕೆಲವು ಕಡೆ ಹನ್ನೊಂದು ಇಂಚು ದಪ್ಪ. ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ ಕಿಟಕಿ ಜಾಗದ ಗೋಡೆ ಒಡೆದು ಚಿತ್ರವನ್ನು ಇಳಿಸಿದರು. ಈಗ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನಲ್ಲಿದೆ. ಅಷ್ಟು ವರ್ಷ ಅವರ ತಲೆಯಲ್ಲಿ ಗುಲಾಬಿ ಹೂವಷ್ಟೇ ಇತ್ತು ಅಂತ ನಾನು ನಂಬುವುದಿಲ್ಲ.

ಒಂದು ಎಚ್ಚರಿಕೆ, ಇದು ಮುಖ್ಯ. ಯಾರೂ ಚಿತ್ರಕ್ಕೆ ಅಂತ ಆ ಗುಡ್ಡದ ಪುಡಿ ತರಬೇಡಿ. ಅದರಲ್ಲಿ ಸಯನೈಡಿನ ಉಳಿಕೆ, ಲೋಹಗಳು, ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ನುಣ್ಣನೆಯ ಕಲ್ಲಿನ ಧೂಳು ಎಲ್ಲ ಇವೆ. ಒಣಗಿದ ಪದರವನ್ನು ಉಜ್ಜುವಾಗ ಸಾಮಾನ್ಯ ಪೇಸ್ಟ್ ಆದರೂ ಮಾಸ್ಕ್ ಬೇಕೇ ಬೇಕು. ನಿಮ್ಮ ಕಲಾವಿದರನ್ನು ಒಂದು ಮಾತು ಕೇಳಿ, ಯಾವ ಮರಳು ಅಂತ.

ಬಂಗಾರಪೇಟೆ ಮುದ್ದೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೊಂದು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಮೊದಲು ಅಕ್ಕನಿಗೆ. ಕಲಾವಿದರಿಗೆ ಫೋನ್ ಮಾಡಿದೆವು. ಅದು ಎಂ-ಸ್ಯಾಂಡ್, ಜರಡಿ ಹಿಡಿದು ತೊಳೆದದ್ದು, ಜೊತೆಗೆ ಅಮೃತಶಿಲೆ ಪುಡಿ. ಗುಡ್ಡದ ಪುಡಿ ಮುಟ್ಟುವುದೇ ಇಲ್ಲ ಅಂದರು. ಕೆಳಗೆ ಪ್ಲೈವುಡ್, ಬಟ್ಟೆ ಅಲ್ಲ. ಬಿರುಕು ಅವರಿಗೆ ಗೊತ್ತಿದೆಯಂತೆ, ಒಣಗುವಾಗಲೇ ಬಂದದ್ದು, ನಿಂತಿದೆ ಅಂದರು. ಆದರೂ ಸ್ಕೇಲ್ ಇಟ್ಟು ಫೋಟೋ ತೆಗೆದಿಟ್ಟಿದ್ದೇನೆ. ಗುಡ್ಡದ ಚಿತ್ರವೇ ಅಂತ ಅಣ್ಣ ಕೇಳಿದ. "ನೋಡ್ತಾ ಇರಿ" ಅಂದರಂತೆ, ಅಷ್ಟೇ.

ಮೇಷ್ಟ್ರೇ, ಟಾರ್ಚ್ ಬಿಟ್ಟು ನೋಡಿದೆವು. ಅಪ್ಪನೂ ಬಂದರು. ಆ ಕೆಂಪು ಮೇಲೆ ಹಚ್ಚಿದ್ದಲ್ಲ. ಸುತ್ತಲೂ ಬೂದಿಯ ಅಂಚು ಚೂಪಾಗಿ ಒಡೆದಿದೆ, ಕೆಂಪು ಒಂದು ತಗ್ಗಿನಲ್ಲಿದೆ. ಅಂದರೆ ಕೆರೆದು ತೆಗೆದದ್ದು. ಆಮೇಲೆ ಹುಡುಕಿದರೆ ಎಷ್ಟೋ ಸೀಳುಗಳ ತಳದಲ್ಲಿ ಅದೇ ಕೆಂಪು ಎಳೆಯಷ್ಟು ಇಣುಕುತ್ತದೆ. ಗೋಣಿಯ ತುಂಡಿನ ಎಡಕ್ಕೆ ಗೋಣಿಯ ನೇಯ್ಗೆಯದೇ ಅಚ್ಚು ಇದೆ, ಆದರೆ ಗೋಣಿ ಇಲ್ಲ. ಅಲ್ಲೂ ಒಂದು ತುಂಡು ಒತ್ತಿ, ಆಮೇಲೆ ಕಿತ್ತಿದ್ದಾರೆ ಅಂತ ಕಾಣುತ್ತದೆ.

ಅಪ್ಪ ಟಾರ್ಚ್ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಎಲ್ಲ ಸೀಳೂ ಮೇಲಿಂದ ಕೆಳಕ್ಕೆ ಎಳೆದದ್ದು, ಕೊನೆಯಲ್ಲಿ ಬಣ್ಣ ಗುಡ್ಡೆ ಬಿದ್ದಿದೆ. ಮಧ್ಯದ ಒಂದು ಸೀಳಿಗೆ ಮಾತ್ರ ಗುಡ್ಡೆ ಮೇಲ್ಗಡೆ ಇದೆ. "ಇದೊಂದನ್ನ ಕೆಳಗಿಂದ ಮೇಲಕ್ಕೆ ಎಳೆದಿದ್ದಾರೆ ನೋಡು" ಅಂತ ತೋರಿಸಿದರು. ನಾನು ನೋಡಿಯೇ ಇರಲಿಲ್ಲ. ಈಗ ಮನೆಗೆ ಬಂದವರಿಗೆಲ್ಲ ಅಪ್ಪನೇ ಅದನ್ನು ತೋರಿಸುತ್ತಾರೆ. ಬೆಲೆಯನ್ನೂ ಹೇಳಿದೆವು, ಸುಮ್ನೆ ಕೇಳಿಸಿಕೊಂಡರು.

ಮಾರಿಕುಪ್ಪಂನವರೇ, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಒಂದು ಭಾನುವಾರ ಕೆಜಿಎಫ್‌ಗೆ ಹೋಗಿ ಬರೋಣ ಅಂದಿದ್ದಾರೆ.

ಇನ್ನು ನೇತುಹಾಕುವುದು ಒಂದೇ ಬಾಕಿ. ಹಾಲ್‌ನಲ್ಲಿ ಎರಡು ಜಾಗ ಇದೆ. ಒಂದು ಕಿಟಕಿಗೆ ನೇರ ಎದುರು, ಇನ್ನೊಂದು ಕಿಟಕಿಯ ಪಕ್ಕದ ಗೋಡೆ. ಯಾವುದು? ಒಂದು ಮೊಳೆ ಸಾಕಾ?

ಚಿಂತಾಮಣಿ ಡ್ರಾಯಿಂಗ್ ಮೇಷ್ಟ್ರು

ಕಿಟಕಿಯ ಪಕ್ಕದ ಗೋಡೆ. ಬೆಳಕು ಪಕ್ಕದಿಂದ ಬರುತ್ತದೆ, ಬೆಳಿಗ್ಗೆ ಒಂದು ಚಿತ್ರ, ಸಂಜೆ ಇನ್ನೊಂದು ಚಿತ್ರ ಸಿಗುತ್ತದೆ. ಬಿಸಿಲು ನೇರ ಬೀಳದಿದ್ದರೆ ಆಯಿತು. ಆ ಕೆಳಗಿಂದ ಮೇಲಕ್ಕೆ ಎಳೆದ ಸೀಳನ್ನು ಕಂಡುಹಿಡಿದದ್ದಕ್ಕೆ ಅಪ್ಪನಿಗೆ ನನ್ನ ಶಹಬ್ಬಾಸ್ ಹೇಳಿ. ನಮ್ಮ ಮಕ್ಕಳಿಗೆ ಇದನ್ನು ತರಗತಿಯಲ್ಲಿ ಹೇಳುತ್ತೇನೆ.

ತುಮಕೂರು ಪೇಂಟ್ ಕಂಟ್ರಾಕ್ಟರ್

ಒಂದು ಮೊಳೆ ಸಾಲದು. ಪ್ಲೈವುಡ್, ಪೇಸ್ಟ್ ಎಲ್ಲ ಸೇರಿ ಹದಿನೈದು ಕಿಲೋ ದಾಟಬಹುದು. ಮೊದಲು ತೂಕ ನೋಡಿ. ನೀವು ತೂಕದ ಮಿಷನ್ ಮೇಲೆ ನಿಂತು, ಆಮೇಲೆ ಚಿತ್ರ ಹಿಡಿದು ನಿಂತು, ಕಳೆದರೆ ಆಯಿತು. ಎರಡು ಸ್ಕ್ರೂ, ಎರಡಕ್ಕೂ ರಾಲ್ ಪ್ಲಗ್ (ಸ್ಕ್ರೂ ಬಿಗಿಯಾಗಿ ಕೂರಲು ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ), ಡ್ರಿಲ್ ಮಾಡಿಸಿ ಹಾಕಿಸಿ, ಸುತ್ತಿಗೆಯಲ್ಲಿ ಹೊಡೆಯಬೇಡಿ. ಸ್ಕ್ರೂ ಬರೀ ಗಾರೆಯಲ್ಲಿ ನಿಲ್ಲಬಾರದು, ಒಳಗಿನ ಇಟ್ಟಿಗೆ ಅಥವಾ ಬ್ಲಾಕ್‌ವರೆಗೆ ಹೋಗಬೇಕು.

ಹೊಸ ಮನೆ ಅಂದಿರಲ್ಲ, ಗಾರೆ ಒಳಗಿನ ತೇವ ಪೂರ್ತಿ ಆರಲು ತಿಂಗಳುಗಟ್ಟಲೆ ಬೇಕು. ಚಿತ್ರದ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಅಥವಾ ಕಾರ್ಕ್ ತುಂಡು ಅಂಟಿಸಿ, ಗೋಡೆಗೂ ಹಲಗೆಗೂ ನಡುವೆ ಅರ್ಧ ಇಂಚು ಗಾಳಿ ಆಡಲಿ. ಇಲ್ಲದಿದ್ದರೆ ಪ್ಲೈವುಡ್ ತೇವ ಹೀರಿ ಬಾಗುತ್ತದೆ, ಆಗ ನಿಂತ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಆ ಗೋಡೆಯ ಆಚೆ ಬಾತ್‌ರೂಮ್ ಇದ್ದರೆ ಮಾತ್ರ ಆ ಜಾಗ ಬಿಟ್ಟುಬಿಡಿ. ಮತ್ತೆ ಡ್ರಿಲ್ ಮಾಡುವ ಮುಂಚೆ ಸ್ವಿಚ್‌ಬೋರ್ಡಿನ ನೇರ ಮೇಲಿನ ಗೆರೆ ತಪ್ಪಿಸಿ, ವೈರ್ ಪೈಪು ಅಲ್ಲೇ ಹೋಗಿರುತ್ತದೆ. ಎಲೆಕ್ಟ್ರಿಷಿಯನ್ ನಂಬರ್ ಇದ್ದರೆ ಒಂದು ಸಲ ಕೇಳಿಕೊಂಡೇ ಡ್ರಿಲ್ ಹಿಡಿಯಿರಿ.